ಬೀಸೆಕಲ್ಲಿನಿಂದ ಹೈಬ್ರಿಡ್‌ವರೆಗೆ: ಮಲೆನಾಡಿನ ಸೈಕಲ್ಲಿನ ಚರಿತ್ರೆ

ಕಳೆದ ಮಳೆಗಾಲದ ಕೊನೆಯಲ್ಲಿ ತೀರ್ಥಹಳ್ಳಿಯಿಂದ ಅಕ್ಕನ ಮಗಳು ಫೋನ್ ಮಾಡಿದಳು. ಕಾಲೇಜಿಗೆ ಹೋಗಿಬರಲು ಸೈಕಲ್ ಕೊಳ್ಳಬೇಕೆಂದು ತೀರ್ಮಾನಿಸಿದ್ದಳು. ಅವರ ಮನೆ ಪೇಟೆಯಿಂದ ಆರು ಕಿಲೋಮೀಟರ್ ದೂರ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. “ಮಾಮು, ಹೈಬ್ರಿಡ್ ತಗೊಳ್ಳೋದೋ, ಎಂಟಿಬಿ ತಗೊಳ್ಳೋದೋ? ನೀವೇ ಹೇಳಿ” ಎಂದಳು. ಕಥೆ ಬರೆಯುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಮನೆಯ ಮಕ್ಕಳಲ್ಲಿ ಇನ್ನೂ ಉಳಿದಿದೆ.

ಎಂಟಿಬಿ ಎಂದರೆ ಮೌಂಟನ್ ಬೈಕ್, ಬೆಟ್ಟದ ಸೈಕಲ್. ದಪ್ಪ ಟೈರು, ಟೈರಿನ ಮೇಲೆ ಗಂಟುಗಂಟು ಹಲ್ಲು, ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗು, ಏರು ಹತ್ತಲು ಹಗುರವಾದ ಗೇರು. ಹೈಬ್ರಿಡ್ ಎಂದರೆ ಬೆರಕೆ. ರೇಸಿನ ಸೈಕಲ್ಲಿನ ದೊಡ್ಡ ಚಕ್ರ, ಬೆಟ್ಟದ ಸೈಕಲ್ಲಿನ ನೇರವಾದ ಹ್ಯಾಂಡಲ್ಲು, ಎರಡರ ನಡುವಿನ ದಪ್ಪದ ನುಣುಪು ಟೈರು. “ಮಲೆನಾಡಿನವಳಲ್ಲವೇನಮ್ಮ, ಬೆಟ್ಟದ ಸೈಕಲ್ಲೇ ಸರಿ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೂವತ್ತು ವರ್ಷಗಳ ಹಿಂದೆ ಇದೇ ಮಾತನ್ನು ನಂಬಿ ನಾನೇ ಮೋಸಹೋದದ್ದು ನೆನಪಾಗಿ, “ಎರಡು ದಿನ ತಡಿ, ವಿಚಾರಿಸಿ ಹೇಳ್ತೀನಿ” ಎಂದೆ.

ವಿಚಾರಿಸುತ್ತಾ ಹೋದರೆ ಅದು ಎರಡು ದಿನಕ್ಕೆ ಮುಗಿಯುವ ಸಂಗತಿಯಾಗಿರಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ದಾರಿಗಳ ಕಥೆ, ಆ ದಾರಿಯಲ್ಲಿ ಸೈಕಲ್ ತುಳಿದವರ ಕಥೆ, ಅದನ್ನು ರಿಪೇರಿ ಮಾಡಿ ಬದುಕಿದ ನಮ್ಮ ಜನರ ಕಥೆ ಒಂದರ ಹಿಂದೆ ಒಂದು ಬಂದವು.

ಬೀಸೆಕಲ್ಲು ಬಂದ ಕಾಲ

ಇಂದು ನಾವು ಸೈಕಲ್ ಎಂದು ಕರೆಯುವ ವಾಹನದ ರೂಪ ಗಟ್ಟಿಯಾದದ್ದು 1885ರಲ್ಲಿ. ಇಂಗ್ಲೆಂಡಿನ ಕೊವೆಂಟ್ರಿ ಪಟ್ಟಣದ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಹೆಸರಿನ ಸೈಕಲ್ಲನ್ನು ಹೊರತಂದ. ಅದಕ್ಕೂ ಮೊದಲು ಮುಂದಿನ ಚಕ್ರ ಆಳೆತ್ತರ, ಹಿಂದಿನದು ಅಂಗೈ ಅಗಲ ಎಂಬಂಥ ಸೈಕಲ್ಲುಗಳಿದ್ದವು. ಬಿದ್ದರೆ ತಲೆ ಒಡೆಯುತ್ತಿತ್ತು. ಸ್ಟಾರ್ಲಿಯ ಸೈಕಲ್ಲಿಗೆ ಹೆಚ್ಚುಕಡಿಮೆ ಸಮವಾದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. ಮೂರು ವರ್ಷ ಕಳೆದು 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಹಾಕಿಕೊಟ್ಟ. ಅಂದಿನಿಂದ ಸೈಕಲ್ ಇದ್ದಲ್ಲಿ ಪಂಚರ್ ಇದೆ, ಪಂಚರ್ ಇದ್ದಲ್ಲಿ ಪಂಚರ್ ಹಾಕುವವನೂ ಬೇಕಾದ.

ಈ ಯಂತ್ರ ಮಲೆನಾಡಿಗೆ ಹೇಗೆ ಕಂಡಿತು ಎಂಬುದಕ್ಕೆ ನಮ್ಮಲ್ಲಿ ಒಂದು ದೊಡ್ಡ ಸಾಕ್ಷಿ ಇದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾದ ಕಾದಂಬರಿಯಾದರೂ ಅದರ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ, ಅದರ ನೆಲ ತೀರ್ಥಹಳ್ಳಿ, ಮೇಗರವಳ್ಳಿಗಳ ಸುತ್ತಣ ಕಾಡು. ಅಲ್ಲಿಗೆ ಪಾದ್ರಿಯ ಜೊತೆಗೆ ಸೈಕಲ್ ಬರುತ್ತದೆ. ಬೈಸಿಕಲ್ ಎಂಬ ಹೆಸರು ಹಳ್ಳಿಯವರ ಬಾಯಲ್ಲಿ ‘ಬೀಸೆಕಲ್ಲು’ ಆಗುತ್ತದೆ. ಕೇಳದ ಹೆಸರನ್ನು ಅವರು ಮನೆಯೊಳಗೆ ದಿನವೂ ತಿರುಗುವ ಕಲ್ಲಿನ ಹೆಸರಿಗೆ ಸೇರಿಸಿಕೊಂಡರು. ಗೌಡರ ಮನೆಯ ದೇವಯ್ಯ ಆ ಸವಾರಿಗೆ ಮರುಳಾಗುತ್ತಾನೆ. ಬಹಳ ಮಂದಿ ವಿಮರ್ಶಕರು ಈ ಸೈಕಲ್ಲಿನಲ್ಲಿ ಹೊಸ ಧರ್ಮವನ್ನೂ ಹೊಸ ಆಳ್ವಿಕೆಯನ್ನೂ ಕಂಡಿದ್ದಾರೆ. ನನಗೆ ಕಾಣುವುದು ಇನ್ನೂ ಸಣ್ಣ ಸಂಗತಿ. ಕಾಲುಹಾದಿ ಮತ್ತು ಗಾಡಿದಾರಿ ಬಿಟ್ಟರೆ ಬೇರೇನೂ ಇಲ್ಲದ ಊರಿನಲ್ಲಿ, ಗಾಣದೆತ್ತಿನಂತೆ ಒಂದೇ ಕಡೆ ತಿರುಗದೆ ಮುಂದಕ್ಕೆ ಹೋಗುವ ಚಕ್ರವನ್ನು ಮೊದಲ ಬಾರಿ ನೋಡಿದವರ ಬೆರಗು.

ನಾನು ಪ್ರಾಥಮಿಕ ಶಾಲೆಯನ್ನು ಉರ್ದುವಿನಲ್ಲಿ ಓದಿ, ಆಮೇಲೆ ಕನ್ನಡಕ್ಕೆ ಬಂದವನು. ಉರ್ದು ಓದಿದವರಿಗೆ ಸೈಕಲ್ ಎಂದ ಕೂಡಲೇ ನೆನಪಾಗುವುದು ಪತ್ರಸ್ ಬುಖಾರಿಯವರ ‘ಮರ್ಹೂಮ್ ಕೀ ಯಾದ್ ಮೇಂ’ ಎಂಬ ಹಾಸ್ಯ ಪ್ರಬಂಧ. ಗೆಳೆಯ ಮಿರ್ಜಾ ಅವರಿಂದ ಲೇಖಕರು ಹಳೆಯ ಸೈಕಲ್ಲೊಂದನ್ನು ಪಡೆಯುತ್ತಾರೆ. ಅದರ ಒಂದೊಂದು ಭಾಗವೂ ಒಂದೊಂದು ರಾಗ ಹಾಡುತ್ತದೆ. ರಿಪೇರಿಯವನು ಬೆರಗಾಗುತ್ತಾನೆ, ದಾರಿಯಲ್ಲಿ ಹೋಗುವವರು ನಗುತ್ತಾರೆ. ಕೊನೆಗೆ ಲೇಖಕರು ಅದನ್ನು ಸೇತುವೆಯಿಂದ ನದಿಗೆ ಎಸೆದು ಕೈತೊಳೆದುಕೊಳ್ಳುತ್ತಾರೆ. ತರಗತಿಯಲ್ಲಿ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಬೆಳೆದ ಮೇಲೆ ಮಾತ್ರ ಹೊಳೆಯಿತು: ನಮ್ಮ ಬೀದಿಯಲ್ಲಿ ಯಾರೂ ಸೈಕಲ್ಲನ್ನು ಹೊಳೆಗೆ ಎಸೆಯುತ್ತಿರಲಿಲ್ಲ. ಅಷ್ಟು ಸವೆದ ಸೈಕಲ್ಲನ್ನೂ ನಮ್ಮ ಶಾಪಿನವರು ಇನ್ನೂ ಹತ್ತು ವರ್ಷ ಓಡಿಸುತ್ತಿದ್ದರು.

ಕರಿ ಸೈಕಲ್ಲು, ಕೆಂಪು ಮಣ್ಣು

ಸ್ವಾತಂತ್ರ್ಯಕ್ಕೆ ಮೊದಲು ಇಲ್ಲಿ ಸೈಕಲ್ ಎಂದರೆ ಹೆಚ್ಚಾಗಿ ಇಂಗ್ಲೆಂಡಿನ ಮಾಲು. ರ‍್ಯಾಲಿ, ಹರ್ಕ್ಯುಲಿಸ್, ಬಿಎಸ್ಎ. ಈ ಬಿಎಸ್ಎ ಎಂಬುದು ಬರ್ಮಿಂಗ್‌ಹ್ಯಾಮಿನಲ್ಲಿ ಬಂದೂಕು ಮಾಡುತ್ತಿದ್ದ ಕಂಪನಿಯ ಹೆಸರಿನ ಮೂರು ಮೊದಲಕ್ಷರ. ಅಂಥ ಸೈಕಲ್ಲು ಇನಾಂದಾರರ, ಡಾಕ್ಟರರ, ಸರ್ಕಾರಿ ನೌಕರರ ಮನೆಯ ಸೊತ್ತು. ಸ್ವಾತಂತ್ರ್ಯದ ನಂತರ ದೇಶದೊಳಗೇ ಕಾರ್ಖಾನೆಗಳೆದ್ದವು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೊ. ಮಾಸ್ತರರು, ಟಪಾಲಿನವರು, ಮಂಡಿಯ ಗುಮಾಸ್ತರು, ಆಮೇಲೆ ನಮ್ಮಂಥ ಸಣ್ಣ ವ್ಯಾಪಾರಿಗಳ ಮನೆಗೂ ಕರಿ ಬಣ್ಣದ ಆ ಸೈಕಲ್ಲು ಬಂತು.

ಈಗ ಸ್ವಲ್ಪ ಲೆಕ್ಕ ನೋಡೋಣ. ಆ ಕರಿ ಸೈಕಲ್ಲಿನ ಟೈರಿನ ಅಳತೆ 28 ಇಂಚು, ಒಂದೂವರೆ ಇಂಚು ದಪ್ಪ. ಒಂದೂವರೆ ಇಂಚು ಎಂದರೆ ಸುಮಾರು 40 ಮಿಲಿಮೀಟರ್. ಇವತ್ತು ಅಂಗಡಿಯಲ್ಲಿ ಹೈಬ್ರಿಡ್ ಎಂದು ಮಾರುವ ಸೈಕಲ್ಲಿನ ಟೈರಿನ ದಪ್ಪ 35ರಿಂದ 42 ಮಿಲಿಮೀಟರ್! ಅಂದರೆ ನಮ್ಮ ಅಜ್ಜ, ಅಬ್ಬಾ ತುಳಿದ ಸೈಕಲ್ಲಿನ ಟೈರು ಹೆಚ್ಚುಕಡಿಮೆ ಇಂದಿನ ಹೈಬ್ರಿಡ್ಡಿನದೇ. ದೊಡ್ಡ ಚಕ್ರ ಸಣ್ಣಪುಟ್ಟ ಗುಂಡಿಗೆ ಇಳಿಯದೆ ದಾಟುತ್ತಿತ್ತು. ಉದ್ದನೆಯ ಫ್ರೇಮು, ಹಿಂದಕ್ಕೆ ವಾಲಿದ ಫೋರ್ಕು, ಸ್ಪ್ರಿಂಗಿನ ಸೀಟು ಸೇರಿ ಕುಲುಕಾಟವನ್ನು ನುಂಗುತ್ತಿದ್ದವು. ಮುಂದೆ ಹಿಂದೆ ಮಡ್‌ಗಾರ್ಡು, ಚೈನಿಗೆ ಕವಚ, ಹಿಂದೆ ಒಂದು ಮೂಟೆ ಅಕ್ಕಿ ಹೊರುವ ಕ್ಯಾರಿಯರ್. ಆಗುಂಬೆಯಂಥ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು ಇರುವ ತಾಲೂಕಿನಲ್ಲಿ, ಮಡ್‌ಗಾರ್ಡ್ ಇಲ್ಲದ ಸೈಕಲ್ ಏರಿದವನ ಬೆನ್ನಿನ ಮೇಲೆ ಊರಿನ ಕೆಂಪು ಮಣ್ಣೆಲ್ಲ ಬರೆದಿರುತ್ತದೆ.

ಆ ಸೈಕಲ್ಲಿಗೆ ಎರಡು ದೋಷಗಳಿದ್ದವು. ಒಂದು, ಗೇರಿಲ್ಲದ್ದು. ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಸೈಕಲ್ಲು ಸುಮಾರು ಐದೂವರೆ ಮೀಟರ್ ಮುಂದೆ ಹೋಗಬೇಕು. ಬಯಲುಸೀಮೆಗೆ ಅದು ಸರಿ. ನಗರದಿಂದ ಹುಲಿಕಲ್ಲಿನ ಕಡೆಗೋ, ಮೇಗರವಳ್ಳಿಯಿಂದ ಆಗುಂಬೆಯ ಕಡೆಗೋ ಹೋಗುವ ಏರಿನಲ್ಲಿ ಎಂಥ ಕಾಲಿಗೂ ಅದು ಭಾರ. ಇನ್ನೊಂದು, ಬ್ರೇಕು. ಕಬ್ಬಿಣದ ಕಡ್ಡಿಗಳ ಬ್ರೇಕು, ಉಕ್ಕಿನ ರಿಮ್ಮು. ಒದ್ದೆಯಾದರೆ ರಬ್ಬರು ಜಾರುತ್ತದೆಯೇ ಹೊರತು ಹಿಡಿಯುವುದಿಲ್ಲ. ಆದ್ದರಿಂದ ಮಲೆನಾಡಿನವರು ತಮ್ಮದೇ ಒಂದು ಸವಾರಿಯ ಕ್ರಮ ಮಾಡಿಕೊಂಡರು. ಏರು ಬಂದಾಗ ಇಳಿದು ತಳ್ಳುವುದು, ಮಳೆಯಲ್ಲಿ ಇಳಿಜಾರು ಬಂದಾಗ ಇಳಿದು ಹಿಡಿದುಕೊಂಡು ನಡೆಯುವುದು, ಉಳಿದದ್ದನ್ನು ತುಳಿಯುವುದು.

ಅಬ್ಬಾ ಸಾಗರದಿಂದ ಆನಂದಪುರ, ರಿಪ್ಪನ್‌ಪೇಟೆಯ ಕಡೆಯ ಹಳ್ಳಿಗಳಿಗೆ ಬಟ್ಟೆಗಂಟು ಕಟ್ಟಿಕೊಂಡು ಹೋಗುತ್ತಿದ್ದುದು ಹೀಗೆಯೇ. “ಸೈಕಲ್ ಎಷ್ಟು ದೂರ ನನ್ನನ್ನು ಹೊತ್ತಿದೆಯೋ ಅಷ್ಟು ದೂರ ನಾನೂ ಅದನ್ನು ತಳ್ಳಿದ್ದೇನೆ, ಹಿಸಾಬು ಬರಾಬರ್” ಎಂದು ನಗುತ್ತಿದ್ದರು. ಅವರಂತೆಯೇ ಕರಾವಳಿಯಿಂದ ಬಂದ ಮೀನನ್ನು ಬುಟ್ಟಿಯಲ್ಲಿ ಹೊತ್ತು ಹಾರ್ನ್ ಒತ್ತುತ್ತಾ ಹೋಗುವ ಬ್ಯಾರಿಗಳು, ಪಾತ್ರೆಗೆ ಕಲಾಯಿ ಹಾಕುವವರು, ಕತ್ತಿಗೆ ಸಾಣೆ ಹಿಡಿಯುವವರು, ಐಸ್‌ಕ್ಯಾಂಡಿ ಡಬ್ಬದವರು, ಪೇಪರಿನ ಹುಡುಗರು. ಅಡಿಕೆ ತೋಟದ ಮನೆಗೂ ಪೇಟೆಗೂ ನಡುವೆ ದಿನವೂ ಓಡಾಡಿದವರು ಇವರು. ಯಾವ ಗೌಡರ ಮನೆಯಲ್ಲಿ ಮದುವೆ ಗೊತ್ತಾಯಿತು, ಯಾವ ಭಟ್ಟರ ತೋಟಕ್ಕೆ ಕೊಳೆರೋಗ ಬಂತು ಎಂಬ ಸುದ್ದಿಯೂ ಅದೇ ಕ್ಯಾರಿಯರ್ ಮೇಲೆ ಬರುತ್ತಿತ್ತು. ಹೊತ್ತು ಮೀರಿದರೆ ಅವರದೇ ಜಗಲಿಯಲ್ಲಿ ಅಬ್ಬಾ ನಮಾಜ್ ಮುಗಿಸಿ, ಊಟ ಮಾಡಿ ಮಲಗಿ ಬರುತ್ತಿದ್ದರು. ಅದನ್ನು ಯಾರೂ ಸೌಹಾರ್ದ ಎಂದು ಕರೆಯುತ್ತಿರಲಿಲ್ಲ, ವ್ಯಾಪಾರ ಎನ್ನುತ್ತಿದ್ದರು.

ಶಾಪಿನ ಉಸ್ತಾದರು

ಸೈಕಲ್ ಬಂದಲ್ಲೆಲ್ಲ ಸೈಕಲ್ ಶಾಪ್ ಬಂತು. ನಮ್ಮ ಊರುಗಳಲ್ಲಿ ಆ ಶಾಪುಗಳ ಬಹುಪಾಲು ಮುಸ್ಲಿಮರದಾಗಿದ್ದವು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ತೋಟವಿಲ್ಲ, ಗದ್ದೆಯಿಲ್ಲ. ಪೇಟೆಯಲ್ಲಿ ಒಂದು ಗೇಣು ಜಾಗ, ಒಂದು ಪಂಪು, ನಾಲ್ಕು ಸ್ಪ್ಯಾನರು, ಒಂದು ಬಾಂಡ್ಲಿ ನೀರು ಇದ್ದರೆ ಅಂಗಡಿ ತೆರೆಯಬಹುದಿತ್ತು. ಎತ್ತಿಗೆ ಲಾಳ ಕಟ್ಟುವ, ಜಟಕಾ ಓಡಿಸುವ, ಕಲಾಯಿ ಹಾಕುವ ಕೆಲಸಗಳು ಮೊದಲೇ ಕೈಯಲ್ಲಿದ್ದವು. ಕಬ್ಬಿಣದ ಪರಿಚಯವಿದ್ದ ಕೈ ಸೈಕಲ್ಲಿಗೆ ಬೇಗ ಒಗ್ಗಿತು.

ಸಾಗರದಲ್ಲಿ ನಾವು ‘ಉಸ್ತಾದ್’ ಎಂದೇ ಕರೆಯುತ್ತಿದ್ದವರ ಶಾಪಿನಲ್ಲಿ ಹತ್ತಾರು ಬಾಡಿಗೆ ಸೈಕಲ್ಲುಗಳಿದ್ದವು. ಗಂಟೆಯ ಲೆಕ್ಕ. ರೂಲಿನ ಪುಸ್ತಕದಲ್ಲಿ ಹೆಸರು, ಸೈಕಲ್ ನಂಬರು, ಹೊರಟ ಹೊತ್ತು. ನಾನು ಕಲಿತದ್ದು ಅಲ್ಲಿಯೇ. ಕಾಲು ನೆಲಕ್ಕೆ ಎಟುಕದ ವಯಸ್ಸಿನಲ್ಲಿ ಅಡ್ಡಪಟ್ಟಿಯ ಕೆಳಗಿನಿಂದ ಒಂದು ಕಾಲು ತೂರಿಸಿ, ಸೊಟ್ಟಗೆ ನೇತಾಡುತ್ತಾ ತುಳಿಯುವುದನ್ನು ನಮ್ಮ ಮನೆಯಲ್ಲಿ ‘ಕೈಂಚಿ’ ಎನ್ನುತ್ತಿದ್ದರು, ಶಾಲೆಯಲ್ಲಿ ‘ಒಳಪೆಡಲು’ ಎನ್ನುತ್ತಿದ್ದರು. ಎರಡು ಭಾಷೆಯಲ್ಲೂ ಮೊಣಕಾಲು ಮಾತ್ರ ಒಂದೇ ರೀತಿ ತರಚುತ್ತಿತ್ತು. ರಾತ್ರಿ ದೀಪವಿಲ್ಲದೆ ಬಂದರೆ ಪೊಲೀಸರ ಕಾಟ, ವರ್ಷಕ್ಕೊಮ್ಮೆ ಪುರಸಭೆಯ ಬಿಲ್ಲೆ ಪಡೆಯದಿದ್ದರೆ ಇನ್ನೊಂದು ಕಾಟ. ಇದೆಲ್ಲಕ್ಕೂ ಉಸ್ತಾದರ ಬಳಿ ಪರಿಹಾರವಿತ್ತು.

ಅವರು ಓದಿದ್ದು ಮದ್ರಸಾದ ಖುರ್‌ಆನ್ ಪಾಠ, ಮೂರನೆಯ ಈಯತ್ತೆಯ ಕನ್ನಡ. ಆದರೆ ಸೊಟ್ಟಗಾದ ರಿಮ್ಮನ್ನು ತಿರುಗಿಸುತ್ತಾ, ಬೆರಳ ತುದಿಯಿಂದ ಒಂದೊಂದೇ ಕಡ್ಡಿ ಮೀಟಿ, ಅದರ ದನಿ ಕೇಳಿ, ಎಲ್ಲಿ ಬಿಗಿ ಎಲ್ಲಿ ಸಡಿಲ ಎಂದು ಹೇಳುತ್ತಿದ್ದರು. ಹೊಸನಗರದ ಕಡೆಯಿಂದ ಬಂದ ಸೈಕಲ್ಲಿನ ಚೈನು ನೋಡಿ, “ಇದು ಮಣ್ಣು ರಸ್ತೆಯಲ್ಲಿ ಓಡಿದ್ದು, ಗ್ರೀಸ್ ಹಾಕಬೇಡಿ, ಮರಳು ಹಿಡಿಯುತ್ತದೆ, ತೆಳು ಎಣ್ಣೆ ಸಾಕು” ಎನ್ನುತ್ತಿದ್ದರು. ಮಳೆಗಾಲ ಮುಗಿದ ಕೂಡಲೇ ಓವರಾಯಿಲ್‌ಗೆಂದು ಸಾಲುಸಾಲು ಸೈಕಲ್ಲು ಬರುತ್ತಿದ್ದವು. ಬಾಲ್ಸು ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಸವೆದ ಕೋನು ಬದಲಿಸಿ ಮತ್ತೆ ಕೂರಿಸುವಷ್ಟರಲ್ಲಿ ಒಂದು ದಿನ ಹೋಗುತ್ತಿತ್ತು.

2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದಾಗ ದುಡಿಯುವ ಮುಸ್ಲಿಮರಲ್ಲಿ ಶೇ. 61ರಷ್ಟು ಜನ ಸ್ವಂತ ಕಸುಬು ನಂಬಿದವರು, ಹಿಂದೂಗಳಲ್ಲಿ ಈ ಪ್ರಮಾಣ ಶೇ. 55ರಷ್ಟು ಎಂಬ ಲೆಕ್ಕ ಹೊರಬಿತ್ತು. ಆ ಅಂಕಿಯ ಒಳಗೆ ಉಸ್ತಾದರಂಥ ಎಷ್ಟೋ ಜನ ಕುಳಿತಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ‘ಪಂಚರ್ ಹಾಕುವವರು’ ಎಂಬುದು ನಮ್ಮ ಸಮುದಾಯವನ್ನು ಹೀಯಾಳಿಸುವ ಮಾತಾಗಿಬಿಟ್ಟಿದೆ. ವೇದಿಕೆಯ ಭಾಷಣದಲ್ಲೂ ಕೇಳುತ್ತೇವೆ, ಮೊಬೈಲಿನಲ್ಲೂ ಓದುತ್ತೇವೆ. ನಮ್ಮ ಮಕ್ಕಳು ಓದಿ ಬೇರೆ ಬೇರೆ ಉದ್ಯೋಗಕ್ಕೆ ಹೋಗಬೇಕು, ಆ ಮಾತು ಬೇರೆ. ಹುಟ್ಟಿನಿಂದ ಒಂದೇ ಕಸುಬಿಗೆ ಕಟ್ಟುಬೀಳುವುದು ಯಾರಿಗೂ ಒಳ್ಳೆಯದಲ್ಲ. ಆದರೆ ನಡುದಾರಿಯಲ್ಲಿ ನಿಂತವನನ್ನು ಮತ್ತೆ ದಾರಿಗೆ ಹತ್ತಿಸುವ ಕೆಲಸ ಬೈಗುಳವಾದದ್ದು ಹೇಗೆಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಕ್ಯಾಲಿಫೋರ್ನಿಯಾದ ಗುಡ್ಡ, ಸಾಗರದ ಶಾಪು

ಇನ್ನು ಬೆಟ್ಟದ ಸೈಕಲ್ಲಿನ ಹುಟ್ಟಿನ ಕಥೆ. ಅದನ್ನು ಮೊದಲು ಮಾಡಿದ್ದು ಯಾವುದೋ ದೊಡ್ಡ ಕಂಪನಿಯ ಇಂಜಿನಿಯರುಗಳಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೌಂಟ್ ತಮಲ್‌ಪಾಯಿಸ್ ಎಂಬ ಗುಡ್ಡವಿದೆ. ಅದರ ಸುತ್ತಲಿನ ಮಣ್ಣು ದಾರಿಗಳಲ್ಲಿ ಕೆಳಗಿಳಿಯುವ ಹುಚ್ಚು 1970ರ ದಶಕದ ಒಂದಿಷ್ಟು ಹುಡುಗರಿಗೆ ಹಿಡಿದಿತ್ತು. ಅವರು ಗುಜರಿಯಿಂದ 1930-40ರ ಕಾಲದ, ದಪ್ಪ ಟೈರಿನ ಭಾರದ ಹಳೆಯ ಸೈಕಲ್ಲುಗಳನ್ನು ತಂದರು. ಮೋಟಾರ್ ಸೈಕಲ್ಲಿನ ಬ್ರೇಕ್ ಹಿಡಿಗಳನ್ನೂ ಬೇರೆ ಸೈಕಲ್ಲಿನ ಗೇರುಗಳನ್ನೂ ಜೋಡಿಸಿದರು. 1976ರ ಅಕ್ಟೋಬರ್ 21ರಂದು ಅಲ್ಲಿ ನಡೆದ ಇಳಿಜಾರು ಪಂದ್ಯದ ದಾರಿಗೆ ‘ರೀಪ್ಯಾಕ್’ ಎಂದು ಹೆಸರು. ಸುಮಾರು ಮೂರು ಕಿಲೋಮೀಟರಿನಲ್ಲಿ 400 ಮೀಟರಿನಷ್ಟು ಕೆಳಗಿಳಿಯುವ ಆ ದಾರಿಯಲ್ಲಿ ಒಮ್ಮೆ ಇಳಿದರೆ ಹಿಂದಿನ ಚಕ್ರದ ಬ್ರೇಕಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಅದಕ್ಕೇ ಆ ಹೆಸರು.

1977ರಲ್ಲಿ ಜೋ ಬ್ರೀಜ್ ಇದಕ್ಕೆಂದೇ ಹೊಸ ಫ್ರೇಮು ಕಟ್ಟಿದ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಅಂಗಡಿ ತೆರೆದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಕಾರ್ಖಾನೆಯಿಂದ ಸಾಲಾಗಿ ಹೊರಬಂತು. 1996ರಲ್ಲಿ ಒಲಿಂಪಿಕ್ಸ್‌ನೊಳಗೂ ಸೇರಿತು. ಈ ನಡುವೆ, ಬೆಟ್ಟದ ಸೈಕಲ್ ಕೊಂಡವರಲ್ಲಿ ಬಹುಪಾಲು ಜನ ಬೆಟ್ಟಕ್ಕೆ ಹೋಗದೆ ಆಫೀಸಿಗೇ ಹೋಗುತ್ತಾರೆಂಬುದು ಕಂಪನಿಗಳಿಗೆ ತಿಳಿಯಿತು. 1980ರ ದಶಕದ ಕೊನೆಯ ಹೊತ್ತಿಗೆ ಅದೇ ಹ್ಯಾಂಡಲ್ಲಿಗೆ ದೊಡ್ಡ ಚಕ್ರ, ತೆಳು ಟೈರು ಹಾಕಿ ಹೈಬ್ರಿಡ್ ಎಂದು ಮಾರತೊಡಗಿದರು.

ನಮ್ಮಲ್ಲಿಗೆ 1990ರ ದಶಕದಲ್ಲಿ ‘ಎಂಟಿಬಿ’ ಬಂದದ್ದು ಮುಖ್ಯವಾಗಿ ರೂಪವಾಗಿ. ದಪ್ಪ ಟೈರು, ಬಣ್ಣದ ಫ್ರೇಮು, ಮೇಲೆ ಮಿಂಚಿನ ಸ್ಟಿಕ್ಕರು. ಬೆಟ್ಟ ಹತ್ತಲು ಬೇಕಾದ ಗೇರು ಮಾತ್ರ ಬಹಳಷ್ಟು ಸೈಕಲ್ಲುಗಳಲ್ಲಿ ಇರಲಿಲ್ಲ. ಹೈಸ್ಕೂಲಿನಲ್ಲಿದ್ದ ನಾನು ಅದಕ್ಕಾಗಿ ಅನ್ನ ಬಿಟ್ಟು ಹಟ ಹಿಡಿದೆ. ಅಬ್ಬಾ ಸಾಲ ಮಾಡಿ ಕೊಡಿಸಿದರು. ಕಂಪನಿಯ ಹೆಸರು ಬೇಡ. ಮೊದಲ ವಾರ ಬೀದಿಯ ರಾಜ ನಾನೇ. ಎರಡನೆಯ ವಾರ ಮಳೆ ಬಂತು. ಮಡ್‌ಗಾರ್ಡ್ ಹೆಸರಿಗೆ ಮಾತ್ರ ಇತ್ತು, ಕ್ಯಾರಿಯರ್ ಇರಲಿಲ್ಲ, ಪುಸ್ತಕದ ಚೀಲ ನೆನೆದು ಮುದ್ದೆಯಾಯಿತು. ಟಾರು ರಸ್ತೆಯಲ್ಲಿ ಆ ಗಂಟು ಟೈರು ಗೊರ್ ಎಂದು ಸದ್ದು ಮಾಡುತ್ತಾ ಜೀವ ಹಿಂಡುತ್ತಿತ್ತು. ಏರಿನಲ್ಲಿ ಅಬ್ಬಾ ತಮ್ಮ ಕರಿ ಸೈಕಲ್ಲನ್ನು ತಳ್ಳುತ್ತಿದ್ದ ಜಾಗದಲ್ಲೇ ನಾನೂ ಇಳಿದು ತಳ್ಳುತ್ತಿದ್ದೆ.

ನಾಚಿಕೆಯಿಂದ ಉಸ್ತಾದರ ಬಳಿ ಹೋದೆ. ಅವರು ನಗಲಿಲ್ಲ. ಗಂಟು ಟೈರು ತೆಗೆದು, ಅದೇ 26 ಇಂಚಿನ ನುಣುಪು ಟೈರು ಹಾಕಿದರು. ಹಳೆಯ ಕರಿ ಸೈಕಲ್ಲೊಂದರ ಮಡ್‌ಗಾರ್ಡನ್ನು ಕತ್ತರಿಸಿ, ಬಗ್ಗಿಸಿ ಕೂರಿಸಿದರು. ಕ್ಯಾರಿಯರ್‌ಗೆ ಹೊಸ ಕಿವಿ ಬೆಸುಗೆ ಹಾಕಿದರು. ಹಿಂದಿನ ಫ್ರೀವೀಲ್ ಬದಲಿಸಿ ಹೆಚ್ಚು ಹಲ್ಲಿನದು ಹಾಕಿ, “ಇನ್ನು ವೇಗ ಕಡಿಮೆ ಆಗುತ್ತೆ ಬೇಟಾ, ಆದರೆ ದಿಣ್ಣೆ ಹತ್ತುತ್ತೀಯ” ಎಂದರು. ಹತ್ತಿದೆ. ಹೈಬ್ರಿಡ್ ಎಂಬ ಹೆಸರನ್ನು ಸಾಗರದಲ್ಲಿ ಯಾರೂ ಕೇಳಿರದ ಕಾಲದಲ್ಲಿ ನನ್ನ ಸೈಕಲ್ಲು ಹೈಬ್ರಿಡ್ ಆಗಿತ್ತು. ಗುಜರಿ ಸೈಕಲ್ಲಿಗೆ ಗೇರು ಕಟ್ಟಿದ ಕ್ಯಾಲಿಫೋರ್ನಿಯಾದ ಹುಡುಗರಿಗೂ, ಎಂಟಿಬಿಗೆ ಕರಿ ಸೈಕಲ್ಲಿನ ಮಡ್‌ಗಾರ್ಡ್ ಕಟ್ಟಿದ ನಮ್ಮ ಉಸ್ತಾದರಿಗೂ ಗುಣದಲ್ಲಿ ಏನೂ ವ್ಯತ್ಯಾಸವಿಲ್ಲ. ಅವರಿಗೆ ಕಂಪನಿ ಸಿಕ್ಕಿತು, ಹೆಸರು ಸಿಕ್ಕಿತು. ಇವರಿಗೆ ಹದಿನೈದು ರೂಪಾಯಿ ಮಜೂರಿ ಸಿಕ್ಕಿತು.

ದಾರಿಯೇ ಬದಲಾಯಿತು

ಆಮೇಲಿನ ವರ್ಷಗಳಲ್ಲಿ ಒಂದು ವಿಚಿತ್ರ ನಡೆಯಿತು. ದಾರಿ ಮಣ್ಣಾಗಿದ್ದಾಗ ನಮ್ಮ ಬಳಿ ನುಣುಪು ಟೈರಿನ ಕರಿ ಸೈಕಲ್ಲಿತ್ತು. ಮಣ್ಣಿಗೆಂದೇ ಮಾಡಿದ ಸೈಕಲ್ಲು ಬರುವಷ್ಟರಲ್ಲಿ ದಾರಿ ಟಾರಾಗತೊಡಗಿತ್ತು. 2000ದ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾದ ಮೇಲೆ ಹಳ್ಳಿಯ ರಸ್ತೆಗಳಿಗೆ ಟಾರು, ಕೆಲವೆಡೆ ಕಾಂಕ್ರೀಟು ಬಂತು. ಶರಾವತಿಯ ಕಥೆ ಎಲ್ಲರಿಗೂ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಾಗ ಊರುಗಳ ಜೊತೆ ಊರಿನ ದಾರಿಗಳೂ ಮುಳುಗಿದವು. ತುಮರಿಯ ಕಡೆಯವರು ಸೈಕಲ್ಲನ್ನೂ ಹೇರಿಕೊಂಡು ಲಾಂಚಿಗಾಗಿ ಕಾಯಬೇಕಾಯಿತು. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಹಿನ್ನೀರಿನ ಮೇಲೆಯೇ ಪೆಡಲು ತುಳಿದು ಹೋಗಬಹುದು.

ಆದರೆ ದಾರಿ ಒಳ್ಳೆಯದಾದಷ್ಟೂ ಸೈಕಲ್ ಕಡಿಮೆಯಾಯಿತು. ಕಂತಿನ ಮೇಲೆ ಬೈಕು ಬಂತು. ಬಾಡಿಗೆ ಸೈಕಲ್ಲಿನ ರೂಲು ಪುಸ್ತಕ ಮುಚ್ಚಿತು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೆಂದು ಗುರುತಿಸಿದ ದಿನವೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿತು.

ಸರ್ಕಾರ ಸೈಕಲ್ಲನ್ನು ನೆನೆದದ್ದು ಮಕ್ಕಳಿಗಾಗಿ. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಬಡ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭವಾಯಿತು, ಮರುವರ್ಷ ಹುಡುಗರಿಗೂ ಸಿಕ್ಕಿತು. ಕೊರೊನಾ ಬಂದಾಗ ಯೋಜನೆಯೂ ನಿಂತಿತು. ಬಿಹಾರದಲ್ಲೂ 2006ರಲ್ಲಿ ಇಂಥದ್ದೇ ಯೋಜನೆ ಬಂದಿತ್ತು. ಅದರಿಂದ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಹೆಚ್ಚಿತೆಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಲೆಕ್ಕ ಹಾಕಿ ತೋರಿಸಿದ್ದಾರೆ. ಬಯಲಿನ ಬಿಹಾರಕ್ಕೆ ಗೇರಿಲ್ಲದ ಸೈಕಲ್ ಒಪ್ಪಿತು. ನಮ್ಮ ಕಡೆ ಅಂಥದ್ದೇ ಸೈಕಲ್ಲುಗಳು ಕೆಲವು ಮನೆಗಳಲ್ಲಿ ಓಡಿದವು, ಇನ್ನು ಕೆಲವು ಮನೆಗಳ ಕೊಟ್ಟಿಗೆಯ ಗೋಡೆಗೆ ಒರಗಿ ತುಕ್ಕು ಹಿಡಿದದ್ದನ್ನೂ ನೋಡಿದ್ದೇನೆ. ಹುಡುಗಿಗೆ ಮನಸ್ಸಿರಲಿಲ್ಲವೆಂದಲ್ಲ. ಆ ಸೈಕಲ್ಲಿಗೆ ನಮ್ಮ ದಿಣ್ಣೆಯ ಪರಿಚಯ ಇರಲಿಲ್ಲ.

ಹೆಣ್ಣುಮಕ್ಕಳು ಸೈಕಲ್ ತುಳಿಯುವುದರ ಬಗ್ಗೆ ನಮ್ಮ ಮನೆಗಳಲ್ಲಿ ಮಾತು ಬಾರದೆ ಇರುವುದಿಲ್ಲ. ಅಕ್ಕನ ಮಗಳ ವಿಷಯದಲ್ಲೂ ಬಂತು. ಹಿರಿಯರೊಬ್ಬರು “ಬಸ್ಸಿಲ್ಲದಿದ್ದರೆ ಹುಡುಗಿ ಮನೆಯಲ್ಲಿರಲಿ” ಎಂದರು. ಅವರಿಗೆ ನಾನು ತಮಿಳುನಾಡಿನ ಪುದುಕ್ಕೋಟ್ಟೈ ಕಥೆ ಹೇಳಿದೆ. 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಅಲ್ಲಿ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತರು. ಅವರಲ್ಲಿ ಮುಸ್ಲಿಂ ಹೆಣ್ಣುಮಕ್ಕಳೂ ಇದ್ದರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ಬರೆದು ದೇಶಕ್ಕೆಲ್ಲ ತಿಳಿಸಿದರು. ನೀರು ತರಲು, ಕೆಲಸಕ್ಕೆ ಹೋಗಲು, ಮಗುವನ್ನು ಆಸ್ಪತ್ರೆಗೆ ಒಯ್ಯಲು ಅವರು ಯಾರನ್ನೂ ಕಾಯಬೇಕಾಗಲಿಲ್ಲ. ಹಿರಿಯರು ಒಪ್ಪಿದರೆಂದು ಹೇಳಲಾರೆ, ಸುಮ್ಮನಾದರು. ನಮ್ಮಲ್ಲಿ ಎಷ್ಟೋ ಒಳ್ಳೆಯ ಕೆಲಸಗಳು ಹಿರಿಯರು ಸುಮ್ಮನಾದ ಹೊತ್ತಿನಲ್ಲೇ ನಡೆದಿವೆ.

ಹಾಗಾದರೆ ಯಾವುದು?

ಉಸ್ತಾದರಿಗೆ ಈಗ ವಯಸ್ಸಾಗಿದೆ. ಶಾಪನ್ನು ಮಗ ನೋಡಿಕೊಳ್ಳುತ್ತಾರೆ, ಹೆಚ್ಚಿನ ಕೆಲಸ ಬೈಕುಗಳದು. ರಜೆಯಲ್ಲಿ ಸಾಗರಕ್ಕೆ ಬಂದ ಅಕ್ಕನ ಮಗಳನ್ನು ಅವರ ಬಳಿ ಕರೆದುಕೊಂಡು ಹೋದೆ. ಅವಳು ಮೊಬೈಲಿನಲ್ಲಿ ಎರಡೂ ಸೈಕಲ್ಲುಗಳ ಚಿತ್ರ ತೋರಿಸಿದಳು. ಅವರು ಚಿತ್ರವನ್ನು ಪಕ್ಕಕ್ಕಿಟ್ಟು ಅವಳನ್ನೇ ಕೇಳತೊಡಗಿದರು.

“ಮನೆಯಿಂದ ಕಾಲೇಜಿನವರೆಗೆ ಟಾರು ಎಷ್ಟು, ಮಣ್ಣು ಎಷ್ಟು ಮಗಳೇ?”

“ಮಣ್ಣು ಅರ್ಧ ಕಿಲೋಮೀಟರ್ ಅಷ್ಟೇ, ತೋಟದ ದಾರಿ. ಉಳಿದಿದ್ದೆಲ್ಲ ಟಾರು.”

“ಏರು ಎಲ್ಲಿದೆ? ಹೋಗುವಾಗಲೋ, ಬರುವಾಗಲೋ?”

“ಬರುವಾಗ.”

“ಏನು ಹೊರಬೇಕು?”

“ಪುಸ್ತಕ. ಆಮೇಲೆ ಅಮ್ಮ ಏನಾದರೂ ತರೋಕೆ ಹೇಳ್ತಾರೆ.”

“ಕೆಟ್ಟರೆ ಯಾರು ನೋಡುತ್ತಾರೆ?”

ಈ ಕೊನೆಯ ಪ್ರಶ್ನೆಗೆ ಅವಳಲ್ಲಿ ಉತ್ತರವಿರಲಿಲ್ಲ. ಕಂಪನಿಗಳ ಜಾಹೀರಾತಿನಲ್ಲಿಯೂ ಇರುವುದಿಲ್ಲ.

ಉಸ್ತಾದರ ತೀರ್ಪನ್ನು ನನ್ನ ಮಾತಿನಲ್ಲಿ ಹೀಗೆ ಬರೆಯಬಹುದು. ದಾರಿ ಬಹುಪಾಲು ಟಾರಾಗಿದ್ದರೆ ಹೈಬ್ರಿಡ್ಡೇ ಸರಿ, ಆದರೆ ಟೈರು 40 ಮಿಲಿಮೀಟರಿಗೆ ಹತ್ತಿರವಿರಲಿ. ತೀರಾ ತೆಳುವಾದರೆ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಹೊಸನಗರದ ಒಳಭಾಗದಂತೆ ದಿನವೂ ಕಾಡುದಾರಿ, ಕಲ್ಲುದಾರಿ ತುಳಿಯಬೇಕಾದವರಿಗೆ ಬೆಟ್ಟದ ಸೈಕಲ್ಲೇ ಬೇಕು. ಅಂಥವರು ಅಗ್ಗದ ಸ್ಪ್ರಿಂಗ್ ಫೋರ್ಕಿಗೆ ಮರುಳಾಗಬಾರದು. ಅದು ಭಾರ ಹೆಚ್ಚಿಸುತ್ತದೆ, ಏರಿನಲ್ಲಿ ಕಾಲಿನ ಶಕ್ತಿಯನ್ನು ತಾನೇ ಕುಣಿದು ತಿನ್ನುತ್ತದೆ. ಎರಡರಲ್ಲಿ ಯಾವುದಾದರೂ ಮೊದಲು ನೋಡಬೇಕಾದದ್ದು ಗೇರು. ಮುಂದೆ 28 ಹಲ್ಲು, ಹಿಂದೆ 28 ಹಲ್ಲು ಸಿಕ್ಕಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಎರಡು ಮೀಟರಿನಷ್ಟೇ ಹೋಗುತ್ತದೆ. ಅಬ್ಬಾ ಐದೂವರೆ ಮೀಟರಿನ ಭಾರ ತುಳಿದ ಏರನ್ನು ಅವರ ಮೊಮ್ಮಗಳು ಕುಳಿತೇ ಹತ್ತಬಹುದು. ಎರಡನೆಯದು ಬ್ರೇಕು. ಮಳೆಯಲ್ಲಿ ಡಿಸ್ಕ್ ಬ್ರೇಕು ರಿಮ್ಮಿನ ಬ್ರೇಕಿಗಿಂತ ನಂಬಿಕಸ್ಥ. ಮೂರನೆಯದು, ಮಡ್‌ಗಾರ್ಡು ಮತ್ತು ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲಿ ತೂತುಗಳಿವೆಯೇ ಎಂಬುದು. ಕೊನೆಯದು ಟ್ಯೂಬು. 26 ಇಂಚಿನದು ಯಾವ ಹಳ್ಳಿಯ ಶಾಪಿನಲ್ಲೂ ಸಿಗುತ್ತದೆ. ಹೈಬ್ರಿಡ್ಡಿನ 700 ಅಳತೆಯದು ಸಣ್ಣ ಊರಿನಲ್ಲಿ ಸಿಗದೆ ಹೋಗಬಹುದು, ಎರಡು ತಂದು ಮನೆಯಲ್ಲಿಟ್ಟುಕೊಳ್ಳಬೇಕು.

ಕೊನೆಗೆ ಅವಳು ಹೈಬ್ರಿಡ್ ಕೊಂಡಳು. ಅಂಗಡಿಯಲ್ಲಿ ಕೊಟ್ಟ ಪ್ಲಾಸ್ಟಿಕ್ ಮಡ್‌ಗಾರ್ಡನ್ನು ತೆಗೆಸಿ, ಉಸ್ತಾದರ ಮಗ ಉದ್ದನೆಯದನ್ನು ಹಾಕಿಕೊಟ್ಟರು, ಕ್ಯಾರಿಯರ್ ಕೂರಿಸಿದರು. ಉಸ್ತಾದರು ಕುರ್ಚಿಯಿಂದ ಎದ್ದು ಬಂದು, ಹೊಸ ಚಕ್ರವನ್ನು ಒಮ್ಮೆ ತಿರುಗಿಸಿ ಕಡ್ಡಿಗಳನ್ನು ಮೀಟಿ ಕೇಳಿದರು. ಆಮೇಲೆ ಅವಳನ್ನು ಕೂರಿಸಿಕೊಂಡು ಪಂಚರ್ ಹಾಕುವುದನ್ನು ಕಲಿಸಿದರು. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುವುದು, ಒರಸಿ ಒಣಗಿಸುವುದು, ಕಾಗದದಿಂದ ಉಜ್ಜುವುದು, ಸೊಲ್ಯೂಷನ್ ಹಚ್ಚಿ ಅದು ಆರುವವರೆಗೆ ತಾಳ್ಮೆಯಿಂದ ಕಾಯುವುದು, ಆಮೇಲೆ ಪ್ಯಾಚು ಒತ್ತುವುದು. “ಕಾಯದೆ ಅಂಟಿಸಿದರೆ ಎರಡೇ ದಿನ ಬರುತ್ತೆ” ಎಂದರು.

ಈಗ ಅವಳು ದಿನವೂ ತುಂಗೆಯ ಸೇತುವೆ ದಾಟಿ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಫೋನ್ ಮಾಡಿದಾಗ ಹೇಳಿದಳು, ದಾರಿಯಲ್ಲಿ ಯಾವುದೋ ಶಾಲೆಯ ಹುಡುಗನ ಸೈಕಲ್ ಪಂಚರ್ ಆಗಿ ನಿಂತಿತ್ತಂತೆ. ಇಳಿದು, ಚೀಲದಿಂದ ಸಾಮಾನು ತೆಗೆದು, ಹಾಕಿಕೊಟ್ಟು ಹೋದಳಂತೆ.